ನಾಯಿಯ ಕಕ್ಕ ಸಗಣಿಯಲ್ಲ

ಸಗಣಿ ಗೊಬ್ಬರವಾಗುವುದಾದರೆ ನಾಯಿಯ ಕಕ್ಕವೂ ಮಣ್ಣಿಗೆ ಒಳ್ಳೆಯದೇ ತಾನೆ? ಬೆಳಗಿನ ವಾಕಿಂಗಿನಲ್ಲಿ ನಾಯಿ ಕೂತೆದ್ದ ಜಾಗ ಬಿಟ್ಟು ಮುಂದೆ ಹೋಗುವವರ ಸಮಜಾಯಿಷಿ ಇದು. ಹಸು ಮೇದದ್ದು ಹುಲ್ಲು, ಅದರ ಸಗಣಿಯಲ್ಲಿ ನಾರೇ ಹೆಚ್ಚು. ಮಾಂಸ, ಮೊಟ್ಟೆ, ಪೊಟ್ಟಣದ ಆಹಾರ ತಿನ್ನುವ ನಾಯಿ ಎಲ್ಲಿಂದಲೋ ಬಂದ ಸಾರಜನಕ, ರಂಜಕಗಳನ್ನು ತಂದು ಪಾರ್ಕಿನಲ್ಲಿ ಬೇಕಿಲ್ಲದಷ್ಟು ಸುರಿಯುತ್ತದೆ. ಬೆಲ್ಜಿಯಂನ ಗೆಂಟ್ ನಗರದ ಸಮೀಪದ ನಾಲ್ಕು ರಕ್ಷಿತ ನಿಸರ್ಗತಾಣಗಳಲ್ಲಿ ಸಂಶೋಧಕರು ಇದನ್ನು ಅಂದಾಜು ಮಾಡಿ 2022ರಲ್ಲಿ ಪ್ರಕಟಿಸಿದರು: ವರ್ಷಕ್ಕೆ ಹೆಕ್ಟೇರಿಗೆ 11 ಕೆ.ಜಿ. ಸಾರಜನಕ, 5 ಕೆ.ಜಿ. ರಂಜಕ. ರಂಜಕ ಬಹುಪಾಲು ಮಲದ್ದು, ಹಾಗಾಗಿ ಎತ್ತಿದರೆ ಅದು ಹೆಚ್ಚುಕಡಿಮೆ ಪೂರ್ತಿ ತಪ್ಪುತ್ತದೆ. ಸಾರಜನಕದಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಮೂತ್ರದ್ದು, ಅದನ್ನು ಎತ್ತುವುದು ಯಾರ ಕೈಲೂ ಆಗದು.

ಇನ್ನೊಂದು ತೊಡಕು ಜಂತುಹುಳು. ನಾಯಿಯ ಕರುಳಿನ ಟಾಕ್ಸೊಕಾರಾ ಎಂಬ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಆದರೆ ಬಿದ್ದ ದಿನವೇ ಅವು ಸೋಂಕು ಹಚ್ಚಲಾರವು. ಒಳಗೆ ಮರಿಹುಳು ಬೆಳೆಯಲು ಬೆಚ್ಚಗಿನ ತೇವದ ಮಣ್ಣಿನಲ್ಲೂ ಎರಡು ವಾರದ ಆಸುಪಾಸು ಬೇಕು. ಅಷ್ಟರೊಳಗೆ ಮಳೆ ಬಂದು ಕಕ್ಕ ಕರಗಿ ಕಣ್ಣಿಗೆ ಕಾಣದಂತಾಗಿರುತ್ತದೆ. ಮಣ್ಣಾಡಿದ ಕೈಯನ್ನು ಮಗು ಬಾಯಿಗಿಡುವುದು ಆಮೇಲೆ. ಕೊಕ್ಕೆಹುಳುವಿನ ಮರಿಗಳು ಇನ್ನೂ ಬೇಗ ಸಿದ್ಧವಾಗಿ ಬರಿಗಾಲಿನ ಚರ್ಮವನ್ನೇ ಕೊರೆಯುತ್ತವೆ.

ಕಾಂಪೋಸ್ಟ್ ಮಾಡಿದರೆ ಈ ಮೊಟ್ಟೆಗಳು ಸಾಯವೇ? ಬಿಸಿಯೇರಿದರೆ ಸಾಯುತ್ತವೆ. ಅಲಾಸ್ಕಾದಲ್ಲಿ ಜಾರುಬಂಡಿ ನಾಯಿಗಳನ್ನು ಸಾಕುವವರು ಎರಡು ಪಾಲು ಮಲಕ್ಕೆ ಒಂದು ಪಾಲು ಮರದ ಹೊಟ್ಟು ಬೆರೆಸಿ, ರಾಶಿಯನ್ನು 60 ಡಿಗ್ರಿ ಸೆಲ್ಸಿಯಸ್ ದಾಟಿಸುತ್ತಾರೆ. ಅಷ್ಟು ಕಾವು ಹಿಡಿಯಲು ಸುಮಾರು ಒಂದು ಮೀಟರ್ ಎತ್ತರದ ರಾಶಿ ಬೇಕು, ಅಂದರೆ ನಾಯಿಗಳ ಹಿಂಡೇ ಬೇಕು. ನಮ್ಮ ಮನೆಯ ಒಂಟಿ ನಾಯಿಯಿಂದ ಅದು ಆಗುವುದಿಲ್ಲ. ಎರೆಹುಳುಗಳೂ ಈ ಮೊಟ್ಟೆಗಳನ್ನು ಮುಗಿಸುತ್ತವೆಂದು ನಂಬುವಂತಿಲ್ಲ. ಆದ್ದರಿಂದ ಹಿತ್ತಲಲ್ಲಿ ಮಾಡಬೇಕಾದದ್ದು ಗೊಬ್ಬರದ ಗುಂಡಿಯಲ್ಲ, ಹೂಳುವ ಗುಂಡಿ.

ಮುಚ್ಚಳವಿರುವ 50 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ತಳ ಕತ್ತರಿಸಿ, ಪಕ್ಕಗಳಲ್ಲಿ ಬೆರಳು ಹೋಗುವಷ್ಟು ತೂತು ಕೊರೆಯಿರಿ. ಬಾವಿ, ಬೋರ್‌ವೆಲ್‌ನಿಂದ 30 ಮೀಟರಾದರೂ ದೂರ, ತರಕಾರಿ ಪಾತಿಯ ಹತ್ತಿರ ಅಲ್ಲದ ಕಡೆ ಗುಂಡಿ ತೋಡಿ, ತಳಕ್ಕೆ ಒಂದು ಪದರ ಜಲ್ಲಿ ಹಾಕಿ ಡ್ರಮ್ ಇಳಿಸಿ. ಬಾಯಿ ನೆಲಕ್ಕಿಂತ ನಾಲ್ಕು ಬೆರಳು ಮೇಲಿರಲಿ, ಇಲ್ಲದಿದ್ದರೆ ಮೊದಲ ಮಳೆಗೇ ನೀರು ನುಗ್ಗುತ್ತದೆ. ನಾಯಿಯ ಕಕ್ಕವನ್ನು ಎತ್ತಿ ತಂದು ಇದರೊಳಗೆ ಹಾಕಿ. ಪ್ರತಿ ಸಲ ಅದರ ಮೇಲೆ ಎರಡು ಹಿಡಿ ಹೊಟ್ಟು ಅಥವಾ ಪುಡಿಮಾಡಿದ ತರಗೆಲೆ ಚೆಲ್ಲಿ ಮುಚ್ಚಳ ಹಾಕಿ. ನೆಲಮಟ್ಟಕ್ಕೆ ಒಂದು ಗೇಣು ಬಾಕಿಯಿರುವಾಗ ನಿಲ್ಲಿಸಿ, ಡ್ರಮ್ ಎಳೆದು ಬೇರೆಡೆ ಹೂಳಿ, ಹಳೆಯ ಗುಂಡಿಗೆ ಮಣ್ಣು ತುಂಬಿ. ಅದರ ಮೇಲೆ ದಾಸವಾಳ ನೆಡಬಹುದು, ಸೊಪ್ಪು ಮೂಲಂಗಿ ಬೇಡ. ಮತ್ತೆ ಅಗೆಯಲೂ ಬೇಡ.

ಕೊಳೆತ ಮೊಟ್ಟೆಯ ನಾತ ಬಂದರೆ ನೀರು ಹೆಚ್ಚಾಗಿ ಗಾಳಿ ನಿಂತಿದೆ ಎಂದರ್ಥ, ಹೊಟ್ಟು ಸುರಿಯಿರಿ. ಮೂಗಿಗೆ ಚುರ್ರೆನ್ನುವ ಅಮೋನಿಯಾ ಬಂದರೂ ಮದ್ದು ಹೊಟ್ಟೇ. ನಾತಕ್ಕೆಂದು ಬೂದಿ, ಸುಣ್ಣ ಹಾಕುವ ರೂಢಿ ಅಮೋನಿಯಾವನ್ನು ಇನ್ನಷ್ಟು ಎಬ್ಬಿಸುತ್ತದೆ. ಫಿನಾಯಿಲ್ ಸುರಿದರೆ ಕೊಳೆಸುವ ಜೀವಾಣುಗಳೇ ಸಾಯುತ್ತವೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಗುಂಡಿಯಲ್ಲಿ ನೀರು ಒಸರುವ ಜಾಗವಿದ್ದರೆ ಈ ಉಪಾಯವನ್ನೇ ಕೈಬಿಡಿ.

ಆಗ ಉಳಿಯುವುದು, ಫ್ಲಾಟ್‌ನಲ್ಲಿರುವವರಿಗೂ ಅನುಕೂಲವಾದದ್ದು, ಕಕ್ಕಸು. ಹಳೆಯ ಪೇಪರಿನಲ್ಲಿ ಎತ್ತಿ ತಂದು, ಕಲ್ಲುಮಣ್ಣು ಬಿಡಿಸಿ, ಕಕ್ಕವನ್ನು ಮಾತ್ರ ಫ್ಲಶ್ ಮಾಡಿ. ಕೊಳಚೆ ನೀರು ಸಂಸ್ಕರಣೆಗೆ ಹೋಗದೆ ನೇರ ರಾಜಕಾಲುವೆ ಸೇರುವ ಕಟ್ಟಡವಾದರೆ ಇದರಿಂದ ಲಾಭವಿಲ್ಲ. ಕೊಳೆಯುವ ಚೀಲ ಎಂದು ದುಬಾರಿಗೆ ಮಾರುವವನ್ನೂ ಒಳಗೆ ಹಾಕಬೇಡಿ, ಅವು ಕೊಳೆಯಲು ಬೇಕಾದ ಕಾವು ಪೈಪಿನಲ್ಲಿ ಇರುವುದಿಲ್ಲ.

ಬೆಕ್ಕಿನದನ್ನು ಮಾತ್ರ ಫ್ಲಶ್ ಮಾಡಲೇಬಾರದು. ಅದರಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರೋಪಜೀವಿಯ ಕೋಶಗಳು ಸಂಸ್ಕರಣೆಯನ್ನೂ ದಾಟಿ ಕೆರೆ ಸೇರಬಲ್ಲವು, ಬೆಕ್ಕಿನ ಮಲದ ತಟ್ಟೆಗೆ ಹಾಕುವ ಬೆಂಟೊನೈಟ್ ಜೇಡಿಮಣ್ಣು (ಲಿಟರ್) ಉಬ್ಬಿ ಪೈಪು ಕಟ್ಟಿಸುತ್ತದೆ. ಈ ಕೋಶಗಳು ಸೋಂಕು ಹಚ್ಚುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು, ಆದ್ದರಿಂದ ತಟ್ಟೆಯಲ್ಲಿನ ಮಲವನ್ನು ದಿನವೂ ತೆಗೆಯಬೇಕು. ಬಸುರಿ ಹೆಂಗಸಿದ್ದರೆ ಆ ಕೆಲಸ ಮನೆಯ ಬೇರೆಯವರದ್ದು.