ಇಂಗುಬಾವಿಗೆ ಜಲ್ಲಿ ತುಂಬಬೇಡಿ

ಮೇ ತಿಂಗಳ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಂಗಳೂರಿನಲ್ಲಿ ಮಳೆ ನೀರು ಕೊಯ್ಲಿನ ಕೆಲಸ ಮಾಡುವವರ ಫೋನಿಗೆ ಬಿಡುವಿರುವುದಿಲ್ಲ. ‘ಸಾರ್, ಎರಡು ವರ್ಷದ ಹಿಂದೆ ಇಂಗುಗುಂಡಿ ಮಾಡಿಸಿದ್ವಿ. ಈಗ ನೀರು ಇಂಗ್ತಾನೇ ಇಲ್ಲ, ಉಕ್ಕಿ ಗೇಟಿನವರೆಗೂ ಬಂದಿದೆ.’ ಹೋಗಿ ಮುಚ್ಚಳ ಎತ್ತಿದರೆ ಕಾಣುವುದು ಬಹುತೇಕ ಒಂದೇ ನೋಟ: ಗುಂಡಿಯ ಬಾಯಿವರೆಗೂ ಜಲ್ಲಿ, ಜಲ್ಲಿಯ ಮೇಲೆ ಮರಳು, ಮರಳಿನ ಮೇಲೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಕೊಳೆತ ಎಲೆ.

2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ ಮಳೆ ನೀರು ಕೊಯ್ಲು ಕಡ್ಡಾಯವಾದ ಮೇಲೆ ನಗರದಲ್ಲಿ ಮಳೆ ನೀರನ್ನು ನೆಲಕ್ಕೆ ಇಂಗಿಸುವ ಇಂಥ ಗುಂಡಿಗಳು ಎಷ್ಟೋ ಆದವು. ಮನೆ ಕಟ್ಟಿಸುವವರು ಖರ್ಚಿಗೆ ಹಿಂಜರಿಯಲಿಲ್ಲ, ಜಾಗವನ್ನೂ ಬಿಟ್ಟುಕೊಟ್ಟರು. ಅವರ ಮನಸ್ಸಿನಲ್ಲಿ ದೋಷವಿಲ್ಲ. ‘ಜಲ್ಲಿ ಇದ್ದರೆ ನೀರು ಶುದ್ಧವಾಗಿ ಇಳಿಯುತ್ತೆ’ ಎಂದು ಯಾರೋ ಹೇಳಿದ ಮಾತನ್ನು ನಂಬಿದರು, ಅಷ್ಟೇ. ಆ ಒಂದು ಮಾತಿನಿಂದ ಆಗುವ ನಷ್ಟ ಬಹಳ ದೊಡ್ಡದು. ಹಾಗಾಗಿ ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಶೋಧಿಸುವ ಕೆಲಸ ಬೇರೆ, ಇಂಗಿಸುವ ಕೆಲಸ ಬೇರೆ. ಶೋಧಕ ಚಿಕ್ಕದಾಗಿರಬೇಕು, ನೆಲದ ಮೇಲೆ ಕೈಗೆ ಸಿಗುವಂತಿರಬೇಕು, ತೊಳೆಯಲು ಬರಬೇಕು. ಇಂಗುಬಾವಿ ಆಳವಾಗಿರಬೇಕು ಮತ್ತು ಖಾಲಿಯಾಗಿರಬೇಕು. ಎರಡನ್ನೂ ಒಂದೇ ಗುಂಡಿಯಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ.

ಖಾಲಿ ಯಾಕಿರಬೇಕು? ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1000 ಚದರ ಅಡಿ ತಾರಸಿ ಎಂದರೆ 93 ಚದರ ಮೀಟರ್. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್, ಅಂದರೆ ಆ ತಾರಸಿಗೆ ವರ್ಷಕ್ಕೆ 90,000 ಲೀಟರ್. ಈ ದೊಡ್ಡ ಸಂಖ್ಯೆಯನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆದರೆ ಗುಂಡಿಯ ಅಳತೆಗೆ ಅದರಿಂದ ಪ್ರಯೋಜನವಿಲ್ಲ. ಗುಂಡಿ ಎದುರಿಸಬೇಕಾದ್ದು ಒಂದು ಸಂಜೆಯ ಮಳೆಯನ್ನು. ಮೇ ತಿಂಗಳಲ್ಲೋ ಸೆಪ್ಟೆಂಬರಿನಲ್ಲೋ ಗುಡುಗಿನ ಮಳೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಸುರಿದರೆ ಅದೇ ತಾರಸಿಯಿಂದ 4,650 ಲೀಟರ್ ಬರುತ್ತದೆ. ನೆನೆದು, ಸಿಡಿದು ಹೋಗುವುದು ಹತ್ತರಲ್ಲೊಂದು ಪಾಲು ಎಂದಿಟ್ಟುಕೊಂಡರೂ 4,200 ಲೀಟರ್ ಒಂದೇ ಗಂಟೆಯಲ್ಲಿ ಪೈಪಿನಲ್ಲಿ ಇಳಿಯುತ್ತದೆ. ಮಣ್ಣು ಅಷ್ಟು ಬೇಗ ಕುಡಿಯುವುದಿಲ್ಲ. ಅದು ನಿಧಾನವಾಗಿ, ರಾತ್ರಿಯೆಲ್ಲ, ಕೆಲವೊಮ್ಮೆ ಮರುದಿನವೂ ಕುಡಿಯುತ್ತದೆ. ಅಲ್ಲಿಯವರೆಗೆ ಆ ನೀರು ನಿಲ್ಲಲು ಜಾಗ ಬೇಕು. ಇಂಗುಬಾವಿ ಎಂದರೆ ಮುಖ್ಯವಾಗಿ ಆ ಜಾಗ.

ಸಾಮಾನ್ಯವಾಗಿ ಮಾಡಿಸುವ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಆಳದ ಗುಂಡಿ ಖಾಲಿ ಇದ್ದರೆ 1,800 ಲೀಟರ್ ಹಿಡಿಯುತ್ತದೆ. ಜಲ್ಲಿ ತುಂಬಿದರೆ ಕಲ್ಲುಗಳ ನಡುವಿನ ಸಂದಿಯಷ್ಟೇ ನೀರಿಗೆ ಉಳಿಯುವುದು, ನೂರಕ್ಕೆ ನಲವತ್ತರಷ್ಟು. ಅಂದರೆ 700 ಲೀಟರ್ ಚಿಲ್ಲರೆ. ಬರುವ 4,200 ಲೀಟರ್ ಎಲ್ಲಿ, ಈ 700 ಎಲ್ಲಿ? ಹತ್ತು ನಿಮಿಷಕ್ಕೆ ಉಕ್ಕುವುದು ಅದಕ್ಕೇ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. 20 ಲೀಟರಿನ ಹಳೇ ಪೇಂಟ್ ಬಕೆಟ್‌ಗೆ 20 ಎಂಎಂ ಜಲ್ಲಿಯನ್ನು ಅಂಚಿನವರೆಗೂ ತುಂಬಿ. ಲೀಟರ್ ಮಗ್ಗಿನಲ್ಲಿ ಎಣಿಸುತ್ತಾ ನೀರು ಹುಯ್ಯಿರಿ. ಎಂಟನೆಯ ಮಗ್ಗಿನ ಹೊತ್ತಿಗೆ ಕಲ್ಲುಗಳ ನಡುವೆ ನೀರು ಮಿನುಗಲು ಶುರುವಾಗುತ್ತದೆ, ಒಂಬತ್ತಕ್ಕೆ ಉಕ್ಕುತ್ತದೆ. ಈಗ ಬಕೆಟ್ ಬಗ್ಗಿಸಿ ನೀರು ಚೆಲ್ಲಿ. ಒಂದು ಮಗ್ ನೀರಿಗೆ ಎರಡು ಹಿಡಿ ಕೆಂಪು ಮಣ್ಣು ಕಲಸಿ ಜಲ್ಲಿಯ ಮೇಲೆ ಹುಯ್ದು, ಅರ್ಧ ಗಂಟೆ ಬಿಟ್ಟು ಮತ್ತೆ ಬಗ್ಗಿಸಿ. ನೀರು ಬರುತ್ತದೆ, ಮಣ್ಣು ಬಹುಪಾಲು ಬರುವುದಿಲ್ಲ. ತಳದ ಒಂದು ಕಲ್ಲು ಎತ್ತಿ ನೋಡಿದರೆ ಅಂಗೈಗೆ ನುಣ್ಣನೆ ಕೆಸರು ಮೆತ್ತಿಕೊಳ್ಳುತ್ತದೆ. ಗುಂಡಿಯೊಳಗೂ ಆಗುವುದು ಇದೇ. ತಾರಸಿಯ ದೂಳು, ಹಕ್ಕಿ ಹಿಕ್ಕೆ, ಉದುರಿದ ಪೇಂಟು ಎಲ್ಲ ಜಲ್ಲಿಯ ಸಂದಿಯಲ್ಲಿ ಜಾರಿ, ಮಣ್ಣು ನೀರು ಹೀರಬೇಕಾದ ಜಾಗದಲ್ಲೇ ಪದರ ಕಟ್ಟುತ್ತದೆ. ಖಾಲಿ ಬಾವಿಯಾದರೆ ಇಳಿದು ತೆಗೆಯಬಹುದು. ನಾಲ್ಕು ಅಡಿ ಜಲ್ಲಿಯ ಕೆಳಗಿನ ಕೆಸರನ್ನು ಯಾರು ತೆಗೆಯುತ್ತಾರೆ? ಎರಡು ಮೂರು ಮಳೆಗಾಲದಲ್ಲಿ ಗುಂಡಿ ಸಿಮೆಂಟ್ ತೊಟ್ಟಿಯ ಹಾಗಾಗುತ್ತದೆ. ಅಕ್ಕಪಕ್ಕ ಮರಗಳಿದ್ದು ತಾರಸಿ ಗುಡಿಸದಿದ್ದರೆ ಇನ್ನೂ ಬೇಗ.

ಹಾಗಾದರೆ ಹೇಗಿರಬೇಕು? ಮೂರು ಅಡಿ ವ್ಯಾಸ, 20 ಅಡಿ ಆಳದ ರಿಂಗು ಬಾವಿ. ಖಾಲಿ ಬಿಟ್ಟರೆ ಅದು 4,000 ಲೀಟರ್ ಹಿಡಿಯುತ್ತದೆ, ಅಂದರೆ ಮೇಲೆ ಲೆಕ್ಕ ಹಾಕಿದ ಸಂಜೆಯ ಮಳೆಯನ್ನು ಹೆಚ್ಚುಕಡಿಮೆ ಪೂರ್ತಿ. ಆಳದಿಂದ ಇನ್ನೊಂದು ಲಾಭವಿದೆ. ನೀರು ತಳದಿಂದ ಮಾತ್ರ ಇಂಗುವುದಿಲ್ಲ, ಪಕ್ಕದ ಗೋಡೆಯಿಂದಲೂ ಇಂಗುತ್ತದೆ. ಈ ಬಾವಿಯ ತಳ ಬರೀ ಏಳು ಚದರ ಅಡಿ. ಐದು ಅಡಿಯಿಂದ ಕೆಳಗಿನ ಗೋಡೆ 140 ಚದರ ಅಡಿಗೂ ಹೆಚ್ಚು. ಜೊತೆಗೆ ಬೆಂಗಳೂರಿನ ಅನೇಕ ಕಡೆ ಮೇಲಿನ ಗಟ್ಟಿ ಕೆಂಪು ಮಣ್ಣಿನ ಕೆಳಗೆ ಗರಸು, ಅಂದರೆ ಕಲ್ಲು ಪುಡಿಯಾದಂಥ ಒರಟು ಮಣ್ಣು ಸಿಗುತ್ತದೆ, ಅದು ನೀರನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ನಾಲ್ಕು ಅಡಿಯ ಗುಂಡಿ ಅಲ್ಲಿಗೆ ಮುಟ್ಟುವುದೇ ಇಲ್ಲ.

ನಾಲ್ಕು ಅಡಿ ವ್ಯಾಸಕ್ಕೆ ತೋಡಿಸಿ, ಒಳಗೆ ಮೂರು ಅಡಿಯ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಕೂರಿಸಬೇಕು. ಕೆಳಗಿನ ರಿಂಗುಗಳಿಗೆ ತೂತುಗಳಿರಲಿ, ನಡುವೆ ಸಿಮೆಂಟ್ ಮೆತ್ತಬೇಡಿ. ಮೇಲಿನ ನಾಲ್ಕೈದು ಅಡಿಯ ಸಂದುಗಳನ್ನು ಮಾತ್ರ ಗಾರೆ ಹಾಕಿ ಮುಚ್ಚಿ, ಪಾಯದ ಹತ್ತಿರ ನೀರು ಜಿನುಗಬಾರದು. ಜಲ್ಲಿಗೆ ಜಾಗ ಇರುವುದು ಇಲ್ಲಿ: ರಿಂಗಿನ ಹೊರಗೆ, ರಿಂಗಿಗೂ ಮಣ್ಣಿಗೂ ನಡುವೆ ಉಳಿಯುವ ಅರ್ಧ ಅಡಿಯಲ್ಲಿ, 40 ಎಂಎಂ ಜಲ್ಲಿ. ಒಳಗೆ ತಳದಲ್ಲಿ ಕಾಂಕ್ರೀಟ್ ಬೇಡ. ಪೈಪಿನ ನೀರು ಧುಮುಕುವ ಜಾಗಕ್ಕೆ ಒಂದು ಚಪ್ಪಡಿ ಕಲ್ಲು ಹಾಕಿದರೆ ಸಾಕು.

ತೋಡುವ ಕೆಲಸಕ್ಕೆ ಜೆಸಿಬಿ ಕರೆಸಬೇಡಿ. ಅದು ಬೇಕಾದ್ದಕ್ಕಿಂತ ಅಗಲ ಅಗೆದು ಸುತ್ತಲಿನ ಮಣ್ಣನ್ನೆಲ್ಲ ಸಡಿಲ ಮಾಡುತ್ತದೆ. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಭೋವಿ ಸಮುದಾಯದ ಕೆಲಸಗಾರರು ಈ ಊರಿನಲ್ಲಿ ಇನ್ನೂ ಇದ್ದಾರೆ. ಹಾರೆ, ಗುದ್ದಲಿ, ಮಂಕರಿ, ಹಗ್ಗ ಇಷ್ಟರಲ್ಲೇ ಅಳತೆ ತಪ್ಪದೆ ಇಳಿಯುತ್ತಾರೆ. ಹಾರೆ ನೆಲಕ್ಕೆ ಬಿದ್ದ ಸದ್ದಿನಲ್ಲೇ ಕೆಳಗೆ ಗರಸೋ ಬಂಡೆಯೋ ಹೇಳಬಲ್ಲವರಿದ್ದಾರೆ. ‘ಇಲ್ಲಿಗೆ ಸಾಕು ಸಾರ್, ಮುಂದೆ ಬಂಡೆ’ ಎಂದರೆ ಅವರ ಮಾತು ಕೇಳಿ.

ಬಾವಿಗೆ ಬರುವ ಮೊದಲು ನೀರು ಎರಡಡಿ ಚೌಕದ ಒಂದು ಹೂಳುತೊಟ್ಟಿಗೆ ಬೀಳಲಿ. ಒಳಬರುವ ಪೈಪಿಗಿಂತ ಹೊರಹೋಗುವ ಪೈಪು ಸ್ವಲ್ಪ ತಗ್ಗಿನಲ್ಲಿರಲಿ, ಆದರೆ ತೊಟ್ಟಿಯ ತಳದಿಂದ ಒಂದಡಿಯಾದರೂ ಮೇಲಿರಲಿ; ಮಣ್ಣು ತಳದಲ್ಲಿ ಕೂರುತ್ತದೆ. ಹೊರಪೈಪಿನ ಬಾಯಿಗೆ ಸ್ಟೀಲ್ ಜಾಲರಿ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡಲು ಮೂರಡಿಯ ನಾಲ್ಕಿಂಚು ಪೈಪು ನಿಲ್ಲಿಸಿ ಸಮಾಧಾನ ಪಡುವವರಿದ್ದಾರೆ. ಅದು ಹಿಡಿಯುವುದು ಎಂಟು ಲೀಟರ್. ನಮ್ಮ ತಾರಸಿಯ ಮೊದಲ ಒಂದು ಮಿಲಿಮೀಟರ್ ಮಳೆಯೇ 93 ಲೀಟರ್. ಇಳಿಪೈಪಿಗೆ ವಾಲ್ವ್ ಇಟ್ಟು ಮೊದಲ ಮಳೆಯನ್ನು ಹೊರಗೆ ಬಿಡುವುದು ವಾಸಿ.

ಬಾವಿಯ ಉಕ್ಕುಪೈಪು ಒಳಪೈಪಿನಷ್ಟೇ ದಪ್ಪವಿದ್ದು ಮಳೆ ನೀರಿನ ಚರಂಡಿಗೆ ಸೇರಬೇಕು. ಒಳಚರಂಡಿಗೆ ಕೊಟ್ಟರೆ ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕಿ ಕೊಳಕು ನೀರು ಇಂಗುಬಾವಿಗೇ ತಿರುಗಿ ಬರಬಹುದು.

‘ತೆರೆದ ಬಾವಿ ಅಂದ್ರೆ ಮಕ್ಕಳು ಬೀಳಲ್ವಾ?’ ಎಂದು ತಾಯಂದಿರು ಕೇಳುತ್ತಾರೆ, ಕೇಳಲೇಬೇಕು. ಖಾಲಿ ಬಾವಿ ಎಂದರೆ ಬಾಯಿ ತೆರೆದ ಬಾವಿಯಲ್ಲ. ಮೇಲೆ ಆರ್‌ಸಿಸಿ ಚಪ್ಪಡಿ, ಅದರಲ್ಲಿ ಎರಡಡಿಯ ಬೀಗ ಹಾಕುವ ಮುಚ್ಚಳ. ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಸಾಮಾನ್ಯವಾಗಿ ಒಂದು ವಾರ ಬೇಕು. ನೀರು ಎರಡು ಮೂರು ದಿನದಲ್ಲಿ ಇಂಗಿದರೆ ಆ ಭಯವೂ ಇಲ್ಲ. ಬಾವಿಗೆ ಗಾಳಿಯಾಡಲು ಇಡುವ ಪೈಪಿಗೆ ಜಾಲರಿ ಕಟ್ಟುವುದನ್ನು ಮಾತ್ರ ಮರೆಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲ ಸೈಟಿಗೂ ಇದು ಒಪ್ಪುವುದಿಲ್ಲ. ಹಳೇ ಕೆರೆಯಂಗಳದ ಬಡಾವಣೆಯಲ್ಲಿ ಹತ್ತು ಅಡಿಗೇ ನೀರು ಸಿಕ್ಕರೆ ಇಂಗುಬಾವಿಯಿಂದ ಉಪಯೋಗವಿಲ್ಲ, ಸಂಪಿನಲ್ಲಿ ಹಿಡಿದಿಡಿ. ಶೌಚದ ಇಂಗುಗುಂಡಿ ಹತ್ತಿರದಲ್ಲಿದ್ದರೆ ಮಾಡಿಸಲೇಬೇಡಿ. ನೆಲಮಾಳಿಗೆ ಇದ್ದರೆ ಇಂಜಿನಿಯರ್ ಬಂದು ನೋಡದೆ ತೋಡಿಸಬೇಡಿ. ಜೇಡಿ ಮಣ್ಣಿನ ಅನುಮಾನವಿದ್ದರೆ ಮೊದಲು ಒಂದಡಿ ಅಗಲ, ಎರಡಡಿ ಆಳದ ಕುಳಿ ತೋಡಿ, ಒಂದು ದಿನ ನೀರು ಹುಯ್ದು ನೆನೆಸಿ, ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯುತ್ತದೆ ಅಳೆಯಿರಿ. ಒಂದು ಇಂಚೂ ಇಳಿಯದಿದ್ದರೆ ಆ ಆಳದ ಮಣ್ಣನ್ನು ನಂಬಬೇಡಿ. ಬೋರ್‌ವೆಲ್ಲಿಗೆ ನೀರು ಇಳಿಸಲು ಅದರ ಕೇಸಿಂಗ್ ಪೈಪಿನ ಸುತ್ತ ಮಾಡುವ ವ್ಯವಸ್ಥೆಯೇ ಬೇರೆ. ಅಲ್ಲಿ ನೀರು ಮಣ್ಣಿನ ಮೂಲಕ ಹಾಯದೆ ನೇರ ಕೆಳಗಿಳಿಯುವುದರಿಂದ ಜಲ್ಲಿ, ಮರಳಿನ ಶೋಧಕ ಬೇಕೇ ಬೇಕು, ಅದನ್ನು ತೆಗೆದು ತೊಳೆಯುತ್ತಲೂ ಇರಬೇಕು. ಎಲ್ಲ ಗುಂಡಿಗೂ ಜಲ್ಲಿ ಎಂಬ ಗೊಂದಲ ಬಹುಶಃ ಹುಟ್ಟಿದ್ದೇ ಅಲ್ಲಿ.

ಈಗಾಗಲೇ ಜಲ್ಲಿ ತುಂಬಿದ ಗುಂಡಿ ಇದ್ದವರು ಬೇಸಿಗೆಯಲ್ಲಿ ಖಾಲಿ ಮಾಡಿಸಿ. ಆ ಜಲ್ಲಿಯನ್ನು ತೊಳೆದಿಟ್ಟುಕೊಳ್ಳಿ, ಅದೇ ಗುಂಡಿಯನ್ನು ಬಾವಿಯಾಗಿ ಇಳಿಸುವಾಗ ರಿಂಗಿನ ಹೊರಗೆ ತುಂಬಲು ಬರುತ್ತದೆ. ಬಾವಿ ಆದ ಮೇಲೆ ಪ್ರತಿ ಏಪ್ರಿಲ್‌ನಲ್ಲಿ ಉದ್ದನೆಯ ಗಳು ಇಳಿಸಿ ಹೂಳು ಎಷ್ಟಿದೆ ನೋಡಿ. ಅರ್ಧ ಅಡಿ ದಾಟಿದ್ದರೆ ತೆಗೆಸಿ. ತೆಗೆಸುವ ಮುನ್ನ ಮುಚ್ಚಳ ತೆಗೆದು ಕೆಲವು ಗಂಟೆ ಗಾಳಿಯಾಡಲು ಬಿಡಬೇಕು, ಮುಚ್ಚಿಟ್ಟ ಬಾವಿಯೊಳಗೆ ಉಸಿರುಕಟ್ಟುವ ಗಾಳಿ ತುಂಬಿರಬಹುದು. ಬಹಳ ದಿನ ಮುಚ್ಚಿದ್ದ ಬಾವಿಯಾದರೆ ಗಾಳಿ ಪರೀಕ್ಷಿಸುವ ಮೀಟರ್ ಇರುವವರನ್ನೇ ಕರೆಸಿ. ಇಳಿಯುವವರ ಸೊಂಟಕ್ಕೆ ಹಗ್ಗವಿರಲಿ, ಅದನ್ನು ಹಿಡಿದ ಇಬ್ಬರು ಮೇಲಿರಲಿ.