ಯುರೋಪಿನ ಕಿರು ಜಲವಿದ್ಯುತ್: ಹಳೇ ಗಿರಣಿಯಿಂದ ಬೆಟ್ಟದ ತೊರೆಯವರೆಗೆ

ಯುರೋಪಿಯನ್ ಒಕ್ಕೂಟದಲ್ಲಿ ಈಗ ಒಂದೇ ಹೊಳೆಯ ಬಗ್ಗೆ ಎರಡು ಕಾನೂನುಗಳು ಎರಡು ಮಾತು ಹೇಳುತ್ತಿವೆ. 2030ರ ಹೊತ್ತಿಗೆ ಬಳಸುವ ಒಟ್ಟು ಇಂಧನದಲ್ಲಿ ಶೇ 42.5ರಷ್ಟು ನವೀಕರಿಸಬಹುದಾದ ಮೂಲಗಳಿಂದಲೇ ಬರಬೇಕು ಎನ್ನುವುದು 2023ರ ಕಾನೂನು. ಹೊಳೆ ನೀರಿನಿಂದ ತೆಗೆದ ಕರೆಂಟೂ ಆ ಲೆಕ್ಕಕ್ಕೆ ಸೇರುತ್ತದೆ. ಅದೇ 2030ರೊಳಗೆ 25,000 ಕಿ.ಮೀ. ಉದ್ದದ ನದಿಗಳು ಮತ್ತೆ ಅಡ್ಡಿಯಿಲ್ಲದೆ ಹರಿಯುವಂತಾಗಬೇಕು ಎನ್ನುವುದು 2024ರ ನಿಸರ್ಗ ಪುನಶ್ಚೇತನ ಕಾನೂನಿನ ಗುರಿ. ಅದಕ್ಕೆ ಒಡ್ಡುಗಳನ್ನು ಒಡೆಯಬೇಕು. ಒಡ್ಡಿಲ್ಲದೆ ಟರ್ಬೈನು ತಿರುಗುವುದು ಕಷ್ಟ.

ಇಲ್ಲಿ ಜಗಳ ದೊಡ್ಡ ಅಣೆಕಟ್ಟುಗಳದ್ದಲ್ಲ, 10 ಮೆಗಾವಾಟ್‌ಗಿಂತ ಚಿಕ್ಕ ಘಟಕಗಳದ್ದು. ಯುರೋಪಿನಲ್ಲಿ ಸಾಮಾನ್ಯವಾಗಿ ಕಿರು ಜಲವಿದ್ಯುತ್ ಎನ್ನುವುದು ಇವನ್ನೇ. (ಭಾರತದಲ್ಲಿ ಈ ಮಿತಿ 25 ಮೆಗಾವಾಟ್.) ಇಷ್ಟು ಚಿಕ್ಕ ವಿಷಯ ಇಷ್ಟೊಂದು ಸಿಕ್ಕಾಗಿದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ನೂರಾರು ವರ್ಷ ಯುರೋಪಿನ ಹಳ್ಳಿಗಳಲ್ಲಿ ಹಿಟ್ಟು ಬೀಸಿದ್ದು, ಮರ ಕೊಯ್ದಿದ್ದು ನೀರಿನ ಚಕ್ರ. 1881ರಲ್ಲಿ ಇಂಗ್ಲೆಂಡಿನ ಗಾಡಲ್ಮಿಂಗ್ ಎಂಬ ಪೇಟೆಯ ಬೀದಿದೀಪಕ್ಕೆ ಕರೆಂಟು ಕೊಟ್ಟಿದ್ದೂ ಇಂಥದ್ದೇ ಚಕ್ರ. ಆಮೇಲೆ ದೊಡ್ಡ ಸ್ಥಾವರಗಳು ಬಂದವು, ತಂತಿ ಊರೂರಿಗೆ ಹೋಯಿತು, ಸಣ್ಣ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1973ರ ತೈಲ ಬಿಕ್ಕಟ್ಟು, 1986ರ ಚೆರ್ನೋಬಿಲ್ ದುರಂತ ಆದಮೇಲೆ ಜನ ಮತ್ತೆ ಹಳೇ ಚಕ್ರಗಳ ಕಡೆ ತಿರುಗಿ ನೋಡಿದರು.

ಆಗ ಸಣ್ಣ ಘಟಕದವರ ತಾಪತ್ರಯ ಒಂದೇ. ಕರೆಂಟು ಮಾಡಬಹುದು, ಕೊಳ್ಳುವವರಿಲ್ಲ. ದೊಡ್ಡ ಕಂಪನಿಗಳು ಕೊಂಡರೂ ಪುಡಿಗಾಸು ಕೊಡುತ್ತಿದ್ದವು. ಜರ್ಮನಿಯ ಬವೇರಿಯಾದಲ್ಲಿ ಇಂಥ ಗಿರಣಿದಾರರು ಬಹಳ. ಅವರ ಕಷ್ಟ ಗೊತ್ತಿದ್ದ ಸಂಸದ ಮಥಿಯಾಸ್ ಎಂಗೆಲ್ಸ್‌ಬರ್ಗರ್, ಎದುರು ಪಾಳಯದ ಗ್ರೀನ್ ಪಕ್ಷದ ವೋಲ್ಫ್‌ಗಾಂಗ್ ಡೇನಿಯಲ್ಸ್ ಜೊತೆ ಸೇರಿ ಒಂದು ಪುಟ್ಟ ಕಾನೂನಿಗೆ ಓಡಾಡಿದರು. 1991ರ ಜನವರಿ 1ರಂದು ಅದು ಜಾರಿಗೆ ಬಂತು. ಸಣ್ಣವರ ಕರೆಂಟನ್ನು ಕಂಪನಿ ಕೊಳ್ಳಲೇಬೇಕು, ಅದೂ ನಿಗದಿಯಾದ ದರಕ್ಕೆ. ಇವತ್ತು ಜಗತ್ತಿನ ಎಷ್ಟೋ ದೇಶಗಳಲ್ಲಿ ಗಾಳಿಗೂ ಬಿಸಿಲಿಗೂ ಸಿಗುತ್ತಿರುವ ಖಾತರಿ ದರದ ಬೇರು ಇಲ್ಲಿದೆ. ಅದು ಒಳ್ಳೇ ಕಾನೂನು, ನ್ಯಾಯವಾದ ಕಾನೂನು. ಇರುವ ಗಿರಣಿ, ಇರುವ ಒಡ್ಡು, ಇರುವ ಕಾಲುವೆ. ಅವು ಬದುಕಿಕೊಂಡವು.

ಮುಂದೆ ಆಗಿದ್ದನ್ನು ಅರ್ಥ ಮಾಡಿಕೊಳ್ಳಲು ಒಂದು ಚಿಕ್ಕ ಲೆಕ್ಕ ಬೇಕು. ನೀರಿನಿಂದ ಎಷ್ಟು ಕರೆಂಟು ಬರುತ್ತದೆ ಎನ್ನುವುದು ಎರಡರ ಮೇಲೆ ನಿಂತಿದೆ: ಎಷ್ಟು ನೀರು, ಎಷ್ಟು ಎತ್ತರದಿಂದ ಬೀಳುತ್ತದೆ. ಬಯಲಿನ ಹಳೇ ಗಿರಣಿಯಲ್ಲಿ ನೀರು ಬೀಳುವುದು ಎರಡು ಮೀಟರ್ ಅಂದುಕೊಳ್ಳಿ. ಸೆಕೆಂಡಿಗೆ ಸಾವಿರ ಲೀಟರ್ ಹರಿದರೆ ಅಲ್ಲಿ ಸಿಗುವುದು ಸುಮಾರು 16 ಕಿಲೋವಾಟ್. ಅಷ್ಟೇ ನೀರು ಬೆಟ್ಟದಲ್ಲಿ ನೂರು ಮೀಟರ್ ಕೆಳಕ್ಕೆ ಬಿದ್ದರೆ ಸುಮಾರು 800 ಕಿಲೋವಾಟ್. ಒಂದು ಯೂನಿಟ್ಟಿಗೆ ಇಷ್ಟು ಅಂತ ದರ ಕೊಟ್ಟರೆ ಹಣ ಎಲ್ಲಿಗೆ ಹರಿಯುತ್ತದೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ಘಟಕ ಎಷ್ಟು ದೊಡ್ಡದು ಅಂತ ನೋಡಿ ದರ ಕಟ್ಟುವ ಪದ್ಧತಿ ಎಲ್ಲ ಕಡೆ ಹಬ್ಬಿತು. ನೀರನ್ನು ಎಲ್ಲಿಂದ ಎತ್ತಿದರು, ಎಷ್ಟು ದೂರ ಹೊಳೆ ಬತ್ತಿತು ಅಂತ ಕೇಳುವುದು ಬಹಳ ಕಡೆ ಬಿಟ್ಟೇ ಹೋಯಿತು.

ಯುರೋಪಿಯನ್ ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ನಲ್ಲೂ ಎರಡು ಹಾದಿ ಒಟ್ಟಿಗೇ ಶುರುವಾದವು. 2000ದ ಅಕ್ಟೋಬರಿನಲ್ಲಿ ನೀರಿನ ಚೌಕಟ್ಟು ನಿರ್ದೇಶನ (ಸದಸ್ಯ ದೇಶಗಳು ಪಾಲಿಸಬೇಕಾದ ಒಕ್ಕೂಟದ ಕಾನೂನು) ಬಂತು. 2015ರೊಳಗೆ ನದಿಗಳು ಒಳ್ಳೇ ಸ್ಥಿತಿಗೆ ಬರಬೇಕು ಎಂದಿತು. ಆಮೇಲೆ ಆ ಗಡುವನ್ನು 2027ರವರೆಗೂ ಎಳೆಯಲು ದಾರಿ ಇತ್ತು. ಒಂದು ವರ್ಷದೊಳಗೆ, 2001ರ ಸೆಪ್ಟೆಂಬರಿನಲ್ಲಿ, ನವೀಕರಿಸಬಹುದಾದ ವಿದ್ಯುತ್ತಿನ ನಿರ್ದೇಶನ ಬಂತು. ಹೆಚ್ಚು ಮಾಡಿ ಎಂದಿತು. ಎರಡೂ ಒಳ್ಳೇ ಉದ್ದೇಶದವೇ. ಒಂದು ತೊರೆಯ ಮುಂದೆ ನಿಂತಾಗ ಯಾವುದನ್ನು ಮೊದಲು ಓದಬೇಕು ಎನ್ನುವುದನ್ನು ಮಾತ್ರ ಆಯಾ ದೇಶಕ್ಕೆ ಬಿಡಲಾಯಿತು.

ಇದರ ಬಿಸಿ ಹೆಚ್ಚು ತಟ್ಟಿದ್ದು ಒಕ್ಕೂಟದ ಹೊರಗಿರುವ ಬಾಲ್ಕನ್ ದೇಶಗಳಿಗೆ. ಒಕ್ಕೂಟ ಸೇರುವ ಆಸೆಯಲ್ಲಿದ್ದ ಬೋಸ್ನಿಯಾ, ಸರ್ಬಿಯಾ, ಅಲ್ಬೇನಿಯಾ, ಒಕ್ಕೂಟದ ಇಂಧನ ನಿಯಮಗಳನ್ನು ನೆರೆ ದೇಶಗಳಿಗೂ ಒಯ್ಯುವ ‘ಇಂಧನ ಸಮುದಾಯ’ದ ಒಪ್ಪಂದಕ್ಕೆ ಸಹಿ ಹಾಕಿದ್ದವು. 2012ರಲ್ಲಿ ಅವುಗಳಿಗೂ 2020ರೊಳಗೆ ಮುಟ್ಟಬೇಕಾದ ನವೀಕರಿಸಬಹುದಾದ ಇಂಧನದ ಗುರಿ ನಿಗದಿಯಾಯಿತು. ಆಗ ಸೌರ ಫಲಕ ಇಂದಿನಷ್ಟು ಅಗ್ಗ ಇರಲಿಲ್ಲ. ಬೆಟ್ಟ ಇತ್ತು, ತೊರೆ ಇತ್ತು, ಖಾತರಿ ದರ ಇತ್ತು. ಗುತ್ತಿಗೆಗಳು ರಾಶಿ ರಾಶಿ ಹೊರಬಿದ್ದವು.

ಅಲ್ಲಿ ಕಟ್ಟಿದ ಘಟಕಗಳಲ್ಲಿ ಬಹುಪಾಲು ನೀರು ತಿರುಗಿಸುವ ಬಗೆಯವು. ತೊರೆಗೆ ಅಡ್ಡಲಾಗಿ ಗಿಡ್ಡನೆಯ ಕಾಂಕ್ರೀಟ್ ಒಡ್ಡು. ಅದರ ನೆತ್ತಿಯ ಮೇಲೆ ಕಬ್ಬಿಣದ ಜಾಲರಿ. ಹರಿದು ಬಂದ ನೀರು ಜಾಲರಿಯೊಳಕ್ಕೆ ಬಿದ್ದು, ಮರಳು ತಂಗುವ ತೊಟ್ಟಿ ದಾಟಿ, ಪೈಪಿಗೆ ಹೋಗುತ್ತದೆ. ಪೈಪು ಬೆಟ್ಟದ ಮಗ್ಗುಲಲ್ಲಿ ಕಿಲೋಮೀಟರುಗಟ್ಟಲೆ ಇಳಿದು ಟರ್ಬೈನಿಗೆ ಬಂದಮೇಲೆ ನೀರು ಮತ್ತೆ ತೊರೆಗೆ ಸೇರುತ್ತದೆ. ನೀರೇನೂ ಖರ್ಚಾಗಲಿಲ್ಲವಲ್ಲ ಎನ್ನುವವರಿದ್ದಾರೆ. ಆದರೆ ಒಡ್ಡಿನಿಂದ ಟರ್ಬೈನಿನವರೆಗಿನ ಜಾಗದಲ್ಲಿ ಉಳಿಯುವುದು ಕಲ್ಲು, ಅಲ್ಲಲ್ಲಿ ಗುಂಡಿ ನೀರು. ಸ್ವಲ್ಪ ನೀರು ಬಿಡಲೇಬೇಕು ಅಂತ ನಿಯಮ ಇದೆ. ಮಳೆ ಕಮ್ಮಿಯಾದ ತಿಂಗಳಲ್ಲಿ ಅದನ್ನು ಬಿಟ್ಟರೋ ಇಲ್ಲವೋ ಅಂತ ದಿನಾ ಹೋಗಿ ನೋಡುವವರು ಯಾರು? ಪಶ್ಚಿಮಘಟ್ಟದ ಮಿನಿ ಹೈಡೆಲ್‌ಗಳ ಚರ್ಚೆ ಕೇಳಿದ ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ.

ಸರ್ಬಿಯಾದ ಸ್ಟಾರಾ ಪ್ಲಾನಿನಾ ಬೆಟ್ಟಸಾಲಿನ ರಾಕಿತಾ ಹಳ್ಳಿಯಲ್ಲಿ ಪೈಪನ್ನು ಹೊಳೆಯ ಪಾತ್ರದಲ್ಲೇ ಹೂತಿದ್ದರು. 2020ರಲ್ಲಿ ಜನ ಸೇರಿ ಅದನ್ನು ಒಡೆದರು.

ಬೋಸ್ನಿಯಾದ ಕ್ರುಶ್ಚಿತ್ಸಾದಲ್ಲಿ ನಡೆದದ್ದು ಇನ್ನೂ ದೊಡ್ಡದು. ಆ ಪುಟ್ಟ ನದಿ ಸುತ್ತಲಿನ ಪೇಟೆಗಳಿಗೆ ಕುಡಿಯುವ ನೀರು ಕೊಡುತ್ತದೆ. ಅದರ ಮೇಲೆ ಎರಡು ಘಟಕ ಬರುವುದಿತ್ತು. 2017ರ ಬೇಸಿಗೆಯಲ್ಲಿ ಊರಿನ ಹೆಂಗಸರು ಮರದ ಸೇತುವೆಯ ಮೇಲೆ ಹೋಗಿ ಕೂತರು. ಯಂತ್ರಗಳು ಒಳಗೆ ಹೋಗಲು ಅದೊಂದೇ ದಾರಿ. ಹೆಂಗಸರ ಮೇಲೆ ಪೊಲೀಸರು ಕೈ ಮಾಡಲಿಕ್ಕಿಲ್ಲ ಎನ್ನುವ ನಂಬಿಕೆಯೂ ಇತ್ತು. ಆಗಸ್ಟ್ 24ರಂದು ಆ ನಂಬಿಕೆ ಸುಳ್ಳಾಯಿತು. ಹೊಡೆತ ಬಿತ್ತು, ಗಾಯಗಳಾದವು. ಆದರೂ ಅವರು ಏಳಲಿಲ್ಲ. ಹಗಲು ರಾತ್ರಿ ಪಾಳಿ ಹಾಕಿಕೊಂಡು 500ಕ್ಕೂ ಜಾಸ್ತಿ ದಿನ ಕಾದರು. 2018ರ ಕೊನೆಗೆ ಪರವಾನಗಿ ರದ್ದಾಯಿತು. ಹೋರಾಟದ ಮುಂಚೂಣಿಯಲ್ಲಿದ್ದ ಮೈದಾ ಬಿಲಾಲ್ ಅವರಿಗೆ 2021ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಿಕ್ಕಿತು. 2022ರಲ್ಲಿ ಬೋಸ್ನಿಯಾದ ಎರಡು ಆಡಳಿತ ಭಾಗಗಳಲ್ಲಿ ಒಂದಾದ ಫೆಡರೇಷನ್, ಹೊಸ ಕಿರು ಜಲವಿದ್ಯುತ್ ಘಟಕಗಳನ್ನೇ ನಿಷೇಧಿಸಿತು.

ಇಷ್ಟೆಲ್ಲ ಪಾಡುಪಟ್ಟು ಎಷ್ಟು ಕರೆಂಟು ಬಂತು? ಬ್ಯಾಂಕ್‌ವಾಚ್ ಎಂಬ ಸರ್ಕಾರೇತರ ಸಂಸ್ಥೆಯ ಲೆಕ್ಕದಂತೆ, 2018ರಲ್ಲಿ ಪಶ್ಚಿಮ ಬಾಲ್ಕನ್ ದೇಶಗಳ ನವೀಕರಿಸಬಹುದಾದ ಇಂಧನದ ಸಹಾಯಧನದಲ್ಲಿ ಶೇ 70ರಷ್ಟು ಕಿರು ಜಲವಿದ್ಯುತ್ತಿಗೆ ಹೋಯಿತು. ಒಟ್ಟು ಉತ್ಪಾದನೆಯಲ್ಲಿ ಅದರ ಪಾಲು ಶೇ 3.6. ಆ ಹಣ ಬಂದದ್ದು ಜನರ ಕರೆಂಟ್ ಬಿಲ್ಲಿನಿಂದ. ಅಂದರೆ ತಮ್ಮ ತೊರೆ ಬತ್ತಿಸಿದ ಪೈಪಿಗೆ ಆ ಊರಿನವರೂ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದರು.

ಒಕ್ಕೂಟದ ಒಳಗೆ ಜಗಳ ಕೋರ್ಟಿನಲ್ಲಿ ನಡೆಯಿತು. ಆಸ್ಟ್ರಿಯಾದ ಶ್ವಾರ್ತ್ಸೆ ಸುಲ್ಮ್ ನದಿಯ ಘಟಕದ ವಿರುದ್ಧ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಆಯೋಗವೇ ದಾವೆ ಹೂಡಿತ್ತು. ಜಲವಿದ್ಯುತ್ ಕೂಡ ನದಿಯ ರಕ್ಷಣೆಯನ್ನು ಮೀರುವ ಸಾರ್ವಜನಿಕ ಹಿತ ಆಗಬಹುದು ಅಂತ 2016ರಲ್ಲಿ ಯುರೋಪಿಯನ್ ನ್ಯಾಯಾಲಯ ಒಪ್ಪಿತು. ಆಯೋಗ ಸೋತಿತು. ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಗ್ಯಾಸ್ ಬಹುಪಾಲು ನಿಂತಮೇಲೆ, 2022ರ ಡಿಸೆಂಬರಿನ ತುರ್ತು ನಿಯಮ ಇನ್ನೂ ಮುಂದೆ ಹೋಯಿತು. ನವೀಕರಿಸಬಹುದಾದ ಇಂಧನದ ಯೋಜನೆಗಳನ್ನು ಅಂಥ ಹಿತ ಅಂತಲೇ ಮೊದಲು ಎಣಿಸಬೇಕು ಎಂದಿತು.

ಅದೇ ವರ್ಷ ಜರ್ಮನಿಯಲ್ಲಿ ಉಲ್ಟಾ ಗಾಳಿ. 500 ಕಿಲೋವಾಟ್‌ಗಿಂತ ಚಿಕ್ಕ ಜಲ ಘಟಕಗಳಿಗೆ ಇನ್ನು ಹೊಸದಾಗಿ ಸಹಾಯಧನ ಬೇಡ ಅಂತ ಸರ್ಕಾರದ ಕರಡು ಹೇಳಿತು. ಗಿರಣಿದಾರರು ಸಿಟ್ಟಿಗೆದ್ದರು. ಸಂಸತ್ತು ಆ ಸಾಲನ್ನು ಕೈಬಿಟ್ಟಿತು. ಅವರ ಸಿಟ್ಟಿನಲ್ಲಿ ಹುರುಳಿದೆ. ಅಜ್ಜನ ಕಾಲದ ಒಡ್ಡಿಗೆ ಸ್ವಂತ ಖರ್ಚಿನಲ್ಲಿ ಮೀನುಗಳು ಹತ್ತಿ ದಾಟುವ ಮೆಟ್ಟಿಲು ಕಟ್ಟಿಸಿದವರನ್ನೂ, ಹರಿಯುವ ತೊರೆಯನ್ನು ಹೊಸದಾಗಿ ಪೈಪಿಗೆ ತುಂಬುವವರನ್ನೂ ಒಂದೇ ಕಾಲಂನಲ್ಲಿ ಬರೆದರೆ ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯ ಆಗಿಯೇ ಆಗುತ್ತದೆ. ಜರ್ಮನಿಯ ಗಿರಣಿದಾರನೂ ಕ್ರುಶ್ಚಿತ್ಸಾದ ಹೆಂಗಸರೂ ಒಬ್ಬರಿಗೊಬ್ಬರು ವೈರಿಗಳೇನಲ್ಲ.

ಹಾಗಂತ ಹಳೇ ಒಡ್ಡೆಲ್ಲ ಉಳಿಯಲಿ ಎನ್ನಲೂ ಆಗದು. 2020ರಲ್ಲಿ ಪ್ರಕಟವಾದ, ನದಿಗಳ ಅಡ್ಡಿಗಳನ್ನು ಲೆಕ್ಕ ಹಾಕಿದ ಆಂಬರ್ ಎಂಬ ಸಂಶೋಧನಾ ಯೋಜನೆಯ ಅಧ್ಯಯನ ಯುರೋಪಿನ 36 ದೇಶಗಳ ನದಿಗಳಲ್ಲಿ ಕನಿಷ್ಠ 12 ಲಕ್ಷ ಅಡ್ಡಿಗಳಿವೆ ಅಂತ ಅಂದಾಜು ಮಾಡಿತು. ಅದರಲ್ಲಿ ಎಷ್ಟೋ ಯಾವ ಕೆಲಸಕ್ಕೂ ಬಾರದೆ ಸುಮ್ನೆ ನಿಂತಿವೆ. 2023ರಲ್ಲಿ 487 ಅಡ್ಡಿಗಳನ್ನು ತೆಗೆದರು. ಇನ್ನೊಂದು ಕಡೆ, ಹೊಳೆ ಮುಟ್ಟದೆ ಕರೆಂಟು ತೆಗೆಯುವವರೂ ಇದ್ದಾರೆ. ವಿಯೆನ್ನಾಗೆ ಬೆಟ್ಟದ ಒರತೆಗಳಿಂದ ಕುಡಿಯುವ ನೀರು ತರುವ ಕೊಳವೆಗಳಲ್ಲೇ ಟರ್ಬೈನುಗಳಿವೆ. ಆ ನೀರು ಹೇಗೂ ಕೆಳಗೆ ಬರಬೇಕು, ದಾರಿಯಲ್ಲಿ ಮೀನುಗಳಿಲ್ಲ. ಖಾತರಿ ದರ ಮೊದಲು ಇಂಥ ಜಾಗಕ್ಕೆ ಸಿಗಬೇಕಿತ್ತು.

ನಿಸರ್ಗ ಪುನಶ್ಚೇತನ ಕಾನೂನಿನ ಪ್ರಕಾರ ಸದಸ್ಯ ದೇಶಗಳು 2026ರ ಸೆಪ್ಟೆಂಬರ್ ಹೊತ್ತಿಗೆ ತಮ್ಮ ಯೋಜನೆಯ ಕರಡು ಕೊಡಬೇಕು. ಯಾವ ಒಡ್ಡು ಹೋಗಬೇಕು ಎನ್ನುವುದು ಅದರಲ್ಲಿ ಬರಬೇಕು. ಬೋಸ್ನಿಯಾ, ಸರ್ಬಿಯಾ, ಅಲ್ಬೇನಿಯಾಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. ನವೀಕರಿಸಬಹುದಾದ ಇಂಧನದ ಗುರಿ ಮಾತ್ರ ಅವುಗಳಿಗೂ ಇದೆ.