ಚಿತ್ರಕಲೆಯ ಪೀರಿಯಡ್ ಗಣಿತಕ್ಕೆ ಹೋದರೆ ಮಗುವಿಗೆ ಏನು ನಷ್ಟ?

ಪ್ರಶ್ನೆ: ನನ್ನ ಮಗಳು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ. ವಾರಕ್ಕೆ ಎರಡಿದ್ದ ಚಿತ್ರಕಲೆಯ ಅವಧಿಗಳನ್ನು ಗಣಿತಕ್ಕೂ ವಿಜ್ಞಾನಕ್ಕೂ ಹಂಚಿಬಿಡಿ ಎಂದು ಪೋಷಕರ ಸಭೆಯಲ್ಲಿ ಹಲವರು ಕೇಳಿದರು. ನಾನೂ ತಲೆಯಾಡಿಸಿ ಬಂದೆ. ಸುದ್ದಿ ತಿಳಿದ ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಚಿತ್ರ ಬಿಡಿಸುವುದು ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾರಲ್ಲ, ಅದು ನಿಜವೇ, ಕೇಳಲು ಚೆಂದವೆಂದು ಹೇಳುವ ಮಾತೇ?

ಉತ್ತರ: ಇದೇ ಪ್ರಶ್ನೆಯನ್ನು ಕಲಬುರಗಿ, ಬೀದರ, ಯಾದಗಿರಿಯ ತಂದೆತಾಯಂದಿರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇರುತ್ತಾರೆ, ಮತ್ತು ಅದರ ಹಿಂದಿರುವ ಆತಂಕ ಸುಳ್ಳಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ ಹೊರಬಿದ್ದಾಗ ನಮ್ಮ ಜಿಲ್ಲೆಗಳ ಹೆಸರನ್ನು ಕೆಳಗಿನಿಂದ ಮೇಲಕ್ಕೆ ಹುಡುಕುವುದು ರೂಢಿಯಾಗಿಬಿಟ್ಟಿದೆ. 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಪಟ್ಟಿಯ ಕಡೆಯ ಸಾಲಿನಲ್ಲಿದ್ದವು. ಆ ಪಟ್ಟಿಯನ್ನು ನೋಡಿದ ಕಣ್ಣಿನಲ್ಲೇ ಶಾಲೆಯ ವೇಳಾಪಟ್ಟಿಯನ್ನು ನೋಡಿದರೆ ಡ್ರಾಯಿಂಗ್, ಹಾಡು, ಪಿ.ಟಿ. ಅವಧಿಗಳೆಲ್ಲ ಖಾಲಿ ಬಿಟ್ಟ ಜಾಗದಂತೆ ತೋರುತ್ತವೆ, ಕತ್ತರಿಯೂ ಮೊದಲು ಅಲ್ಲಿಗೇ ಬೀಳುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರವೆಂದರೆ, ಪ್ರಯೋಜನ ನಿಜ. ಆದರೆ ತರಗತಿಯನ್ನು ನಡೆಸುವ ರೀತಿಯ ಮೇಲೆ ಅದು ಬಹುಮಟ್ಟಿಗೆ ನಿಂತಿದೆ, ಮತ್ತು ಅದಕ್ಕೆ ಮಿತಿಗಳೂ ಇವೆ.

ಮೊದಲು ಪುರಾವೆಯ ಮಾತು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 39 ಮಂದಿ 45 ನಿಮಿಷ ಮಣ್ಣು, ಕಾಗದ, ಬಣ್ಣದ ಪೆನ್ನುಗಳೊಡನೆ ತಮಗೆ ತೋಚಿದ್ದನ್ನು ಮಾಡಿದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು, ಹಿಂದೆ ಚಿತ್ರ ಕಲಿತವರು, ಕಲಿಯದವರು ಎಂಬ ಭೇದವೂ ಅದರಲ್ಲಿ ಕಾಣಲಿಲ್ಲ. ಇದು ವಯಸ್ಕರ ಮೇಲೆ ನಡೆದ ಸಣ್ಣ ಅಧ್ಯಯನವಾದ್ದರಿಂದ ಅದೊಂದನ್ನೇ ಹಿಡಿದು ಶಾಲೆಯ ವೇಳಾಪಟ್ಟಿ ಬದಲಿಸಿ ಎನ್ನಲಾಗದು. ನಿಮ್ಮ ಪೋಷಕರ ಸಭೆಗೆ ಹೆಚ್ಚು ಒದಗುವುದು ಹ್ಯೂಸ್ಟನ್ ನಗರದ ಅನುಭವ. ಅಲ್ಲಿನ 42 ಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನ ಶಾಲೆಗಳಿಗೆ ಚಿತ್ರ, ಸಂಗೀತ, ನಾಟಕ, ನೃತ್ಯದ ಕಲಿಕೆಯನ್ನು ಹೆಚ್ಚಿಸಿ ಕೊಡಲಾಯಿತು. 10,500ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಆ ಪ್ರಯೋಗದ ಫಲಿತಾಂಶ 2019ರಲ್ಲಿ ಹೊರಬಂದಿತು: ಶಿಸ್ತುಕ್ರಮಕ್ಕೆ ಒಳಗಾದ ಮಕ್ಕಳ ಪ್ರಮಾಣ ಶೇಕಡಾ 3.6 ಅಂಶಗಳಷ್ಟು ತಗ್ಗಿತು, ಇತರರ ಬಗ್ಗೆ ಮರುಗುವ ಗುಣ ತುಸು ಹೆಚ್ಚಿತು, ಬರವಣಿಗೆಯ ಅಂಕಗಳೂ ಏರಿದವು. ಗಣಿತದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎಂದರೆ, ಚಿತ್ರ ಬಿಡಿಸಿದ ಮಕ್ಕಳು ಲೆಕ್ಕದಲ್ಲಿ ಹಿಂದೆ ಬೀಳಲಿಲ್ಲ. ಲೆಕ್ಕದಲ್ಲಿ ಮುಂದೆಯೂ ಬರಲಿಲ್ಲ ಎಂಬುದನ್ನು ಕಲೆಯ ಪರವಾಗಿ ಮಾತನಾಡುವ ನಾವು ಮರೆಮಾಚಬಾರದು.

ಇನ್ನು, ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು. ನಮ್ಮಲ್ಲಿ ಹೆಚ್ಚು ಜನ ನಂಬಿರುವ ಕಾರಣವೆಂದರೆ, ಮಗು ಒಳಗಿನ ದುಃಖವನ್ನು ಕಾಗದದ ಮೇಲೆ ಹೊರಹಾಕುತ್ತದೆ, ಹಗುರಾಗುತ್ತದೆ ಎಂಬುದು. ಈ ನಂಬಿಕೆ ಅರ್ಧ ಮಾತ್ರ ಸರಿ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಎಂಬ ಮನೋವಿಜ್ಞಾನಿಗಳು 6ರಿಂದ 12 ವರ್ಷದ ಮಕ್ಕಳಿಗೆ ತಮ್ಮನ್ನು ನಿರಾಶೆಗೊಳಿಸಿದ ಒಂದು ಘಟನೆಯನ್ನು ನೆನೆಯಲು ಹೇಳಿ, ಕೆಲವರಿಂದ ಆ ಘಟನೆಯನ್ನೇ, ಇನ್ನು ಕೆಲವರಿಂದ ಅದಕ್ಕೆ ಸಂಬಂಧವೇ ಇಲ್ಲದ ಒಂದು ಮನೆಯನ್ನು ಬರೆಸಿದರು. ಮನೆಯ ಚಿತ್ರ ಬರೆದ ಮಕ್ಕಳ ಮನಸ್ಸೇ ಹೆಚ್ಚು ತಿಳಿಯಾಯಿತು. ಆದ್ದರಿಂದ ಮನೆಯಲ್ಲಿ ಜಗಳ ನೋಡಿ ಬಂದ ಮಗುವಿನ ಮುಂದೆ ಹಾಳೆ ಇಟ್ಟು ‘ನಿನಗೆ ಏನಾಗುತ್ತಿದೆ ಬರೆ’ ಎಂದು ಒತ್ತಾಯಿಸುವುದು ಅಗತ್ಯವೂ ಅಲ್ಲ, ಸಾಮಾನ್ಯ ಶಿಕ್ಷಕರು ಮಾಡಬೇಕಾದ ಕೆಲಸವೂ ಅಲ್ಲ. ಬೇವಿನ ಎಲೆಯೊಂದನ್ನು ಅದರ ಹಲ್ಲುಹಲ್ಲಾದ ಅಂಚಿನ ಸಮೇತ ನೋಡಿ ಬರೆಯಲು ಹೇಳಿದರೆ ಸಾಕು. ನೋವನ್ನು ಕುರಿತು ಒಂದು ಮಾತೂ ಆಡದೆ ಅರ್ಧ ತಾಸು ಅದರಿಂದ ದೂರವಿರುವ ಅವಕಾಶ ಆ ಮಗುವಿಗೆ ಸಿಗುತ್ತದೆ.

ಇದನ್ನು ಬೀದರಿನವರಿಗೆ ವಿವರಿಸುವುದು ಸುಲಭ. ಬಿದ್ರಿ ಕೆಲಸ ಮಾಡುವವರು ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಸಣ್ಣ ಉಳಿಯಿಂದ ಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸುವುದನ್ನು ಹತ್ತು ನಿಮಿಷ ನಿಂತು ನೋಡಿ: ಕಣ್ಣು, ಕೈ, ಉಸಿರು ಮೂರೂ ಒಂದೇ ಗೆರೆಯ ಮೇಲೆ ನಡೆಯುತ್ತಿರುತ್ತವೆ, ಬೇರೆ ಯೋಚನೆ ನುಗ್ಗಲು ಅಲ್ಲಿ ಜಾಗವಿರುವುದಿಲ್ಲ. ಆತಂಕಗೊಂಡ ವಿದ್ಯಾರ್ಥಿಗಳಿಗೆ ಖಾಲಿ ಹಾಳೆ ಕೊಡುವುದಕ್ಕಿಂತ ಮಂಡಲ ಅಥವಾ ಚೌಕಳಿಯಂಥ ಕ್ರಮಬದ್ಧ ವಿನ್ಯಾಸಕ್ಕೆ ಬಣ್ಣ ತುಂಬಲು ಕೊಟ್ಟಾಗ ಆತಂಕ ಹೆಚ್ಚು ಇಳಿಯಿತೆಂದು 2005ರ ಒಂದು ಅಧ್ಯಯನ ಹೇಳುತ್ತದೆ. ಬಿದ್ರಿಯ ಬಳ್ಳಿ, ಮಹಮೂದ್ ಗಾವಾನರ ಮದರಸಾದ ಹೆಂಚಿನ ಚಿತ್ತಾರ, ಅಜ್ಜಿ ಹೊಲಿಯುವ ಕೌದಿಯ ಚೌಕಗಳು, ಅಂಗಳದ ಚುಕ್ಕಿ ರಂಗೋಲಿ ಇವೆಲ್ಲ ಅಂಥ ವಿನ್ಯಾಸಗಳೇ. ಪೇಟೆಯಲ್ಲಿ ದುಡ್ಡು ಕೊಟ್ಟು ಬಣ್ಣ ತುಂಬುವ ಪುಸ್ತಕ ತರುವ ಅಗತ್ಯ ನಮಗೆ ಅಷ್ಟಾಗಿ ಇಲ್ಲ.

ನಮ್ಮ ಜಿಲ್ಲೆಗಳಿಗೆ ಮಾತ್ರ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಸಂಗತಿ ಇದೆ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂದೇ ತರಗತಿಯಲ್ಲಿ ಮನೆಯಲ್ಲಿ ದಖನಿ ಉರ್ದು ಮಾತಾಡುವ ಮಗು, ತಾಂಡಾದಿಂದ ಬರುವ ಲಂಬಾಣಿ ಮಾತಿನ ಮಗು, ಗಡಿ ಊರಿನ ಮರಾಠಿ ಅಥವಾ ತೆಲುಗು ಮನೆಮಾತಿನ ಮಗು, ಪಠ್ಯಪುಸ್ತಕದ ಕನ್ನಡಕ್ಕೂ ಮನೆಯ ಕನ್ನಡಕ್ಕೂ ನಡುವೆ ಸಿಕ್ಕಿಕೊಂಡ ಮಗು ಎಲ್ಲರೂ ಇರುತ್ತಾರೆ. ದಿನದ ಆರೇಳು ಅವಧಿಗಳಲ್ಲಿ ಇವರ ಯೋಗ್ಯತೆಯನ್ನು ಅಳೆಯುವುದು ಭಾಷೆಯ ಮೂಲಕವೇ. ಉತ್ತರ ಗೊತ್ತಿದ್ದೂ ಮಾತು ಒದಗದ ಮಗು ಕ್ರಮೇಣ ಕಡೆಯ ಬೆಂಚಿಗೆ ಸರಿಯುತ್ತದೆ, ತಾನು ದಡ್ಡ ಎಂದು ತಾನೇ ತೀರ್ಮಾನಿಸಿಕೊಳ್ಳುತ್ತದೆ. ಇದರ ಮೇಲೆ ಗುಳೆಯ ಕಷ್ಟ. ತೊಗರಿ ರಾಶಿ ಮುಗಿದ ಮೇಲೆ ತಂದೆತಾಯಿ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ದುಡಿಯಲು ಹೋದರೆ ಮಕ್ಕಳು ಅಜ್ಜಿಯ ಹತ್ತಿರವೋ ಹಾಸ್ಟೆಲಿನಲ್ಲೋ ಉಳಿಯುತ್ತಾರೆ. ಅಂಥ ಮಗುವಿಗೆ ವಾರದಲ್ಲಿ ಎರಡು ಹೊತ್ತಾದರೂ ಭಾಷೆಯ ಹಂಗಿಲ್ಲದೆ ‘ಇದು ನಾನು ಮಾಡಿದ್ದು’ ಎಂದು ತೋರಿಸಬಹುದಾದ ಒಂದು ವಸ್ತು ಕೈಯಲ್ಲಿರುವುದು ಸಣ್ಣ ಸಂಗತಿಯಲ್ಲ. ನಾಟಕ, ಸಾಮೂಹಿಕ ಹಾಡು, ಹಲಗೆ ಅಥವಾ ಡೊಳ್ಳಿನ ತಾಳ ಇವು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಪಕ್ಕದವನೊಡನೆ ಹೆಜ್ಜೆ ಕೂಡಿಸುವುದನ್ನು ಅಭ್ಯಾಸ ಮಾಡಿಸುತ್ತವೆ. ಒಂಟಿತನಕ್ಕೆ ಅದು ನೇರವಾದ ಔಷಧವಲ್ಲದಿದ್ದರೂ ಒಳ್ಳೆಯ ಪಥ್ಯ.

ಎಸ್.ಎಂ. ಪಂಡಿತರ ಊರಿನಲ್ಲಿ ಕುಳಿತು ಚಿತ್ರಕಲೆಯಿಂದ ಏನು ಲಾಭ ಎಂದು ಕೇಳುವುದು ವಿಚಿತ್ರವೆಂದು ಕೆಲವರಿಗೆ ಅನ್ನಿಸಬಹುದು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಸಿನಿಮಾ ಪೋಸ್ಟರುಗಳಿಂದಲೂ ಪೌರಾಣಿಕ ಚಿತ್ರಗಳಿಂದಲೂ ಹೆಸರಾದ ಅವರ ಬಗ್ಗೆ ನಮಗೆ ಹೆಮ್ಮೆ ಇರಬೇಕಾದದ್ದೇ. ಆದರೆ ಈ ಚರ್ಚೆಯಲ್ಲಿ ಅವರ ಉದಾಹರಣೆ ತುಸು ದಾರಿ ತಪ್ಪಿಸುತ್ತದೆ, ಏಕೆಂದರೆ ಇಲ್ಲಿ ಮಾತು ಕಲಾವಿದರನ್ನು ತಯಾರು ಮಾಡುವುದರ ಬಗ್ಗೆ ಅಲ್ಲ. ಗೆರೆ ನೆಟ್ಟಗೆ ಬಾರದ ಮಗುವಿಗೂ ಅದೇ ಪ್ರಯೋಜನ ಸಿಗಬೇಕು.

ಅದು ಸಿಗದಂತೆ ಮಾಡುವುದು ಹೇಗೆಂದು ನಮ್ಮ ಶಾಲೆಗಳಿಗೆ ಚೆನ್ನಾಗಿ ಗೊತ್ತು. ನಾನು ಓದಿದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು ಕಪ್ಪು ಹಲಗೆಯ ಮೇಲೆ ಎರಡು ತ್ರಿಕೋನದ ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಕೆಳಗೆ ನದಿ, ಪಕ್ಕದಲ್ಲಿ ತೆಂಗಿನ ಮರ ಬರೆಯುತ್ತಿದ್ದರು; ಜೇವರ್ಗಿಯ ಎರೆ ಹೊಲದ ನಡುವೆ ಬೆಳೆದ, ಕಣ್ಣಿಗೆಟಕುವಷ್ಟು ದೂರ ಸಪಾಟು ನೆಲವನ್ನೇ ಕಂಡಿದ್ದ ನಾವು ನಲವತ್ತು ಮಂದಿ ಅದೇ ಬೆಟ್ಟವನ್ನು ನಕಲು ಮಾಡುತ್ತಿದ್ದೆವು, ಹೆಚ್ಚು ಹೋಲುವಂತೆ ಬರೆದವನಿಗೆ ಹತ್ತಕ್ಕೆ ಒಂಬತ್ತು ಅಂಕ ಸಿಗುತ್ತಿತ್ತು. ನನಗೆ ಯಾವಾಗಲೂ ನಾಲ್ಕು. ಆ ಅವಧಿ ನನ್ನ ಮನಸ್ಸಿಗೆ ಯಾವ ಆರೋಗ್ಯವನ್ನೂ ಕೊಡಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಸ್ಪರ್ಧೆಯೂ ಇಂಥದೇ ಕೆಲಸ ಮಾಡಬಲ್ಲದು. 1973ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದರಲ್ಲಿ, ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ಮೊದಲೇ ತೋರಿಸಿ ಬರೆಸಿದಾಗ, ಕೆಲ ದಿನಗಳ ನಂತರ ಬಿಡುವಿನಲ್ಲಿ ಅವರು ಚಿತ್ರಕ್ಕೆ ಕೊಟ್ಟ ಸಮಯ ಇತರ ಮಕ್ಕಳದಕ್ಕಿಂತ ಅರ್ಧಕ್ಕೆ ಇಳಿದಿತ್ತು. ಪ್ರತಿಭಾ ಕಾರಂಜಿ ಬೇಡ, ಚಿತ್ರಕಲೆಯ ಲೋವರ್ ಗ್ರೇಡ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ, ಆಸೆಯಿದ್ದವರು ಹೋಗಲಿ. ಶಾಲೆಯ ಇಡೀ ಕಲಾಶಿಕ್ಷಣ ಆ ವೇದಿಕೆಗೆ ನಾಲ್ಕು ಮಕ್ಕಳನ್ನು ತಯಾರು ಮಾಡುವುದಕ್ಕೆ ಸೀಮಿತವಾದರೆ ಉಳಿದ ಮಕ್ಕಳು ಪ್ರೇಕ್ಷಕರಾಗಿ ಉಳಿಯುತ್ತಾರೆ.

ಇದಕ್ಕೆ ತದ್ವಿರುದ್ಧವಾದ ಮಾದರಿ ನಮ್ಮ ಮನೆಗಳಲ್ಲೇ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಕರಿಮಣ್ಣು ನಾದಿ ಎತ್ತು, ಗೋದಲಿ ಮಾಡುವಾಗ ಯಾರೂ ಅಂಕ ಹಾಕುವುದಿಲ್ಲ; ಕೊಂಬು ಮುರಿದರೆ ನೀರು ಮುಟ್ಟಿಸಿ ಮತ್ತೆ ಅಂಟಿಸುತ್ತಾರೆ, ಅತ್ತವರನ್ನು ಅಣ್ಣನೋ ಅಕ್ಕನೋ ಸಂಭಾಳಿಸುತ್ತಾರೆ, ಸೊಟ್ಟ ಎತ್ತಿಗೂ ಪೂಜೆ ಸಲ್ಲುತ್ತದೆ. ತಪ್ಪನ್ನು ಅವಮಾನವಿಲ್ಲದೆ ಸರಿಪಡಿಸಿಕೊಳ್ಳುವ ಈ ಅಭ್ಯಾಸ ಶಾಲೆಯ ಕಲಾ ತರಗತಿಯಲ್ಲಿ ವರ್ಷವಿಡೀ ನಡೆಯಬೇಕು. ಖರ್ಚಿನ ನೆಪವೂ ಹೆಚ್ಚು ನಿಲ್ಲುವುದಿಲ್ಲ: ಶಹಾಬಾದ್ ಕಲ್ಲು ಹಾಸಿದ ವರಾಂಡವೇ ದೊಡ್ಡ ಪಾಟಿ, ಸೀಮೆಸುಣ್ಣವೇ ಕುಂಚ, ಬರೆದದ್ದು ಬೇಡವೆನಿಸಿದರೆ ಒದ್ದೆ ಬಟ್ಟೆ ಸಾಕು.

ಈಗ ಒಂದು ಎಚ್ಚರಿಕೆ. ಮಗು ಕಪ್ಪು ಬಣ್ಣ ಹೆಚ್ಚು ಬಳಸಿದರೆ ಖಿನ್ನತೆ, ಮನೆಗೆ ಬಾಗಿಲು ಬರೆಯದಿದ್ದರೆ ಭಯ ಎಂಬಂಥ ವಾಟ್ಸ್‌ಆ್ಯಪ್ ಸಂದೇಶಗಳನ್ನು ನಂಬಬೇಡಿ. ಒಂದು ಚಿತ್ರವನ್ನು ನೋಡಿ ಕಾಯಿಲೆ ಗುರುತಿಸಲು ಬರುವುದಿಲ್ಲ, ಮತ್ತು ಬಿದ್ರಿ ಪಾತ್ರೆ ನೋಡಿ ಬೆಳೆದ ಮಗುವಿಗೆ ಕಪ್ಪೇ ಎಲ್ಲಕ್ಕಿಂತ ಚೆಂದದ ಬಣ್ಣವಾಗಿರಲೂಬಹುದು. ಹಾಗೆಯೇ ಚಿತ್ರಕಲೆಯನ್ನು ಚಿಕಿತ್ಸೆಯೆಂದು ಭಾವಿಸಬೇಡಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಆ ಸರಾಸರಿಯ ಲೆಕ್ಕದಲ್ಲಿ 60 ಮಕ್ಕಳ ತರಗತಿಯಲ್ಲಿ ನಾಲ್ವರು. ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿರುವ, ಗೆಳತಿಯರಿಂದ ದೂರವಾದ, ಸಾಯುವ ಮಾತಾಡುವ ಅಥವಾ ತನಗೆ ತಾನೇ ಗಾಯ ಮಾಡಿಕೊಳ್ಳುವ ಮಗುವಿಗೆ ಬಣ್ಣದ ಡಬ್ಬಿ ಕೊಟ್ಟು ಕಾಯುವುದು ಅಪಾಯ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನೂ ಕಾಣಬಹುದು. ಮನೆಯಲ್ಲೋ ಶಾಲೆಯಲ್ಲೋ ಯಾರಾದರೂ ಹಿಂಸಿಸುತ್ತಿದ್ದಾರೆಂದು ತಿಳಿದರೆ ಮಕ್ಕಳ ಸಹಾಯವಾಣಿ 1098 ಇದೆ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಎರಡು ದಿನದ ಮೌನವನ್ನು ಕಾಯಿಲೆಯೆಂದು ಓದಬೇಡಿ, ಹಟವೆಂದೂ ತಳ್ಳಿಹಾಕಬೇಡಿ. ಆ ಎರಡು ಅವಧಿಗಳಲ್ಲಿ ಅವಳು ಏನು ಮಾಡುತ್ತಿದ್ದಳು, ಯಾರ ಪಕ್ಕದಲ್ಲಿ ಕೂರುತ್ತಿದ್ದಳು ಎಂದು ಕೇಳಿ. ಬರೆದದ್ದನ್ನು ತೋರಿಸಿದರೆ ‘ಚೆಂದ ಇದೆ’ ಎಂದು ಮುಗಿಸದೆ ‘ಇದನ್ನು ಹೇಗೆ ಬರೆದಿ?’ ಎಂದು ವಿಚಾರಿಸಿ. ಮುಂದಿನ ಸಭೆಯಲ್ಲಿ ನೀವು ತಲೆಯಾಡಿಸಿದ್ದನ್ನು ಹಿಂದಕ್ಕೆ ಪಡೆಯಲು ಅಡ್ಡಿಯಿಲ್ಲ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲೇ ಹತ್ತನೇ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಬೇಕೆಂದು ಹೇಳಿದೆ ಎಂಬುದನ್ನು ನೆನಪಿಸಿ, ಗಣಿತಕ್ಕೆ ಹೆಚ್ಚುವರಿ ಹೊತ್ತು ಬೇಕೇ ಬೇಕೆಂದರೆ ಅದನ್ನು ಬೇರೆಲ್ಲಿಂದ ಹೊಂದಿಸಬಹುದೆಂದು ಮುಖ್ಯೋಪಾಧ್ಯಾಯರನ್ನೇ ಕೇಳಿ. ಬಿಡಿಬಿಡಿಯಾದ ಎರಡು ಅವಧಿಗಳಲ್ಲಿ ಹಾಳೆ ಹಂಚುವುದಕ್ಕೂ ಕೈ ತೊಳೆಯುವುದಕ್ಕೂ ಅರ್ಧ ಹೊತ್ತು ಕಳೆಯುವುದರಿಂದ, ಅವೆರಡನ್ನೂ ಒಂದೇ ದಿನ ಬೆನ್ನುಬೆನ್ನಿಗೆ ಇಡಲು ಸಾಧ್ಯವೇ ಎಂದೂ ವಿಚಾರಿಸಿ ನೋಡಿ.